ಒಂದೇ ತಿಂಗಳಲ್ಲಿ 5 ಶುಕ್ರವಾರ, 5 ಶನಿವಾರ, 5 ಭಾನುವಾರ: 823 ವರ್ಷಕ್ಕೊಮ್ಮೆ ಮಾತ್ರವೇ?

ಈ ಆಗಸ್ಟ್‌ನಲ್ಲಿ ಶುಕ್ರವಾರ, ಶನಿವಾರ, ಭಾನುವಾರ ತಲಾ ಐದು ಬಂದಿವೆ, ಇದು 823 ವರ್ಷಕ್ಕೊಮ್ಮೆ ಮಾತ್ರ ಆಗುವಂಥದ್ದು, ಐದು ಜನರಿಗೆ ಕಳುಹಿಸಿದರೆ ಹಣ ಬರುತ್ತದೆ ಎನ್ನುವ ಸಂದೇಶ ನಿಮಗೂ ಬಂದಿರಬಹುದು. ತಿಂಗಳ ಹೆಸರು ಬದಲಾಗುತ್ತದೆ, 823 ಮಾತ್ರ ಬದಲಾಗುವುದಿಲ್ಲ.

ಇದು ಸುಳ್ಳು. 31 ದಿನಗಳ ಯಾವುದೇ ತಿಂಗಳು ಶುಕ್ರವಾರ ಶುರುವಾದರೆ ಸಾಕು, ಈ ಮೂರೂ ವಾರಗಳು ಐದೈದು ಸಲ ಬರುತ್ತವೆ. ಸ್ವಾತಂತ್ರ್ಯ ಬಂದ 1947ರ ಆಗಸ್ಟ್ 15 ಶುಕ್ರವಾರ. ಅಂದರೆ ಆ ತಿಂಗಳ 1ನೇ ತಾರೀಖೂ ಶುಕ್ರವಾರವೇ. ಅಲ್ಲಿಂದ 2025ರವರೆಗೆ ಇಂಥ ಆಗಸ್ಟ್ 12 ಸಲ ಬಂದಿದೆ. ಕೊನೆಯ ನಾಲ್ಕು: 2003, 2008, 2014, 2025. ಆಗಸ್ಟ್ ಒಂದನ್ನೇ ನೋಡಿದರೂ ಅಂತರ 5, 6 ಅಥವಾ 11 ವರ್ಷ, ಅಷ್ಟೇ.

ಇನ್ನೂ ಗಟ್ಟಿ ಪುರಾವೆ ಬೇಕೆ? ನಾವು ಬಳಸುವ ಕ್ಯಾಲೆಂಡರ್‌ನಲ್ಲಿ 400 ವರ್ಷಕ್ಕೆ 97 ಅಧಿಕ ವರ್ಷಗಳು, ಒಟ್ಟು 1,46,097 ದಿನಗಳು. ಅದನ್ನು 7ರಿಂದ ಭಾಗಿಸಿದರೆ ಸರಿಯಾಗಿ 20,871 ವಾರ, ಶೇಷ ಸೊನ್ನೆ. ಹಾಗಾಗಿ 400 ವರ್ಷಕ್ಕೊಮ್ಮೆ ಇಡೀ ಕ್ಯಾಲೆಂಡರ್ ಹಾಗೇ ಮರುಕಳಿಸುತ್ತದೆ. 823 ವರ್ಷ ಕಾಯಬೇಕಾದ ತಿಂಗಳು ಅದರಲ್ಲಿ ಇರಲು ಸಾಧ್ಯವೇ ಇಲ್ಲ.

ಕೋಡ್ ಬರೆದು ಪರೀಕ್ಷಿಸುವವರಿಗೆ

ಪೈಥಾನ್ ಗೊತ್ತಿದ್ದರೆ ನಾಲ್ಕೈದು ಸಾಲಿನಲ್ಲಿ ನೀವೇ ಪರೀಕ್ಷಿಸಬಹುದು: ಪ್ರತಿ ವರ್ಷದ ಆಗಸ್ಟ್ 1 ಯಾವ ವಾರ ಎಂದು ಕೇಳಿ, ಶುಕ್ರವಾರವಾದರೆ ಆ ವರ್ಷವನ್ನು ಮುದ್ರಿಸಿ. ಎಡವುವುದು ಎಣಿಕೆಯಲ್ಲಿ. ಪೈಥಾನ್‌ನ ‘ವೀಕ್‌ಡೇ’ ಸೋಮವಾರವನ್ನು 0 ಎನ್ನುತ್ತದೆ, ಹಾಗಾಗಿ ಶುಕ್ರವಾರ 4. ಜಾವಾಸ್ಕ್ರಿಪ್ಟ್‌ನಲ್ಲಿ ಭಾನುವಾರ 0, ಶುಕ್ರವಾರ 5. ಅದೂ ಸಾಲದೆಂಬಂತೆ ಅಲ್ಲಿ ತಿಂಗಳೂ 0ಯಿಂದ ಶುರು. ಆಗಸ್ಟ್ ಎಂದುಕೊಂಡು 8 ಕೊಟ್ಟರೆ ಸಿಗುವುದು ಸೆಪ್ಟೆಂಬರ್. ಆಗ 2025ರ ಆಗಸ್ಟ್ 1 ಸೋಮವಾರ ಎಂಬ ತಪ್ಪು ಉತ್ತರ ಬರುತ್ತದೆ, ಫಾರ್ವರ್ಡ್ ಅನ್ನು ತಪ್ಪು ಕಾರಣ ಕೊಟ್ಟು ಸುಳ್ಳೆಂದಂತಾಗುತ್ತದೆ.

ಅಧಿಕ ವರ್ಷದ ಲೆಕ್ಕವನ್ನು ನೀವೇ ಬರೆಯಲು ಹೋಗಬೇಡಿ. 4ರಿಂದ ಭಾಗವಾದರೆ ಸಾಲದು. ಶತಮಾನದ ವರ್ಷ 400ರಿಂದಲೂ ಭಾಗವಾಗಬೇಕು. 2000 ಅಧಿಕ ವರ್ಷ, 1900 ಅಲ್ಲ. (ಮೈಕ್ರೋಸಾಫ್ಟ್ ಎಕ್ಸೆಲ್ ಮಾತ್ರ ಇಂದಿಗೂ 1900ರ ಫೆಬ್ರವರಿ 29 ಇತ್ತು ಎನ್ನುತ್ತದೆ. ಹಳೆಯ ಲೋಟಸ್ 1-2-3 ಜೊತೆ ಹೊಂದಿಕೊಳ್ಳಲು ಬೇಕೆಂದೇ ಉಳಿಸಿಕೊಂಡ ತಪ್ಪು ಅದು.)

ಈ ಫಾರ್ವರ್ಡ್‌ನಿಂದ ಯಾರ ಜೇಬಿಗೂ ಕತ್ತರಿ ಬೀಳಲಿಕ್ಕಿಲ್ಲ. ವಯಸ್ಸಿನ ಲೆಕ್ಕ ಹಾಗಲ್ಲ. ಹುಟ್ಟಿ ಎಷ್ಟು ದಿನವಾಯಿತೋ ಅದನ್ನು 365ರಿಂದ ಭಾಗಿಸುವ ಪ್ರೋಗ್ರಾಂ ಒಬ್ಬರಿಗೆ 18 ತುಂಬಿತು ಎಂದು ನಾಲ್ಕೈದು ದಿನ ಮೊದಲೇ ಹೇಳಿಬಿಡುತ್ತದೆ. 60 ತುಂಬುವವರಿಗೆ ಸುಮಾರು ಎರಡು ವಾರ ಮೊದಲೇ. 365.25 ಎಂದು ತಿದ್ದಿದರೂ ಹುಟ್ಟುಹಬ್ಬದ ಆಸುಪಾಸಿನಲ್ಲಿ ಒಂದು ದಿನ ಅತ್ತಿತ್ತ ಆಗಬಹುದು. ಸರಿಯಾದ ಕ್ರಮ ನಮ್ಮ ಹಿರಿಯರು ಬಾಯಲ್ಲೇ ಮಾಡುವಂಥದ್ದು: ಇಸವಿಯಿಂದ ಇಸವಿ ಕಳೆಯಿರಿ, ಈ ವರ್ಷದ ಹುಟ್ಟಿದ ದಿನ ಇನ್ನೂ ಬಂದಿಲ್ಲದಿದ್ದರೆ ಒಂದು ಕಡಿಮೆ ಮಾಡಿ.