ಬಾಳಿಕೆ ಬಂದ ಧ್ವನಿವರ್ಧಕಗಳು



ನಿಮ್ಮ ಮನೆಯಲ್ಲಿರುವ ವಿದ್ಯುತ್ ಉಪಕರಣಗಳ ವಯಸ್ಸನ್ನು ಒಮ್ಮೆ ಲೆಕ್ಕ ಹಾಕಿ ನೋಡಿ. ಟೆಲಿವಿಷನ್, ಕಂಪ್ಯೂಟರ್, ಮೊಬೈಲ್ ಫೋನ್ ಇವುಗಳಲ್ಲಿ ಇಪ್ಪತ್ತು ವರ್ಷ ದುಡಿದದ್ದು ಬಹಳ ಅಪರೂಪ. ಆದರೆ 1950ರ ದಶಕದಲ್ಲಿ ತಯಾರಾದ ಕೆಲವು ಧ್ವನಿವರ್ಧಕಗಳನ್ನು, ಅಂದರೆ ನಾವು ಸ್ಪೀಕರ್ ಎಂದು ಕರೆಯುವ ಪೆಟ್ಟಿಗೆಗಳನ್ನು, ಸಂಗೀತಪ್ರಿಯರು ಇಂದಿಗೂ ಬಳಸುತ್ತಿದ್ದಾರೆ. ಅದೇ ಕಾಲದ ಬೇರೆ ಎಷ್ಟೋ ಸ್ಪೀಕರುಗಳು ಎಂದೋ ಗುಜರಿ ಸೇರಿದವು. ಹಾಗಾದರೆ ಉಳಿದದ್ದು ಏಕೆ ಉಳಿಯಿತು? ಇದನ್ನು ಅದೃಷ್ಟವೆಂದು ತಳ್ಳಿಹಾಕುವಂತಿಲ್ಲ. ಚರಿತ್ರೆಯನ್ನು ಕೇಳಿದರೆ ಉತ್ತರ ಸಿಗುತ್ತದೆ.

ಮೊದಲು ಉಪಕರಣದ ಪರಿಚಯ ಮಾಡಿಕೊಳ್ಳೋಣ. ಆರಂಭದ ರೇಡಿಯೋಗಳಿಗೆ ಕಹಳೆಯಂಥ ಬಾಯಿ ಇತ್ತು. ಅದರಿಂದ ಬರುವ ದನಿ ಜೋರಾಗಿದ್ದರೂ ಸಹಜವಾಗಿರಲಿಲ್ಲ. 1925ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಕಹಳೆಯಿಲ್ಲದ ಧ್ವನಿವರ್ಧಕವೊಂದರ ವಿವರಗಳನ್ನು ಪ್ರಕಟಿಸಿದರು. ಅಯಸ್ಕಾಂತದ ಸಂದಿನಲ್ಲಿ ಒಂದು ತಂತಿಸುರುಳಿ, ಅದಕ್ಕೆ ಅಂಟಿದ ಒಂದು ಕಾಗದದ ಶಂಕು. ಸುರುಳಿಯಲ್ಲಿ ವಿದ್ಯುತ್ ಏರಿಳಿದಂತೆ ಶಂಕು ಹಿಂದೆ ಮುಂದೆ ಚಲಿಸಿ ಗಾಳಿಯನ್ನು ಕಂಪಿಸುತ್ತದೆ. ನಿಮ್ಮ ಮನೆಯ ಟಿ.ವಿ.ಯೊಳಗಿನ ಸ್ಪೀಕರಿನದೂ ಮೂಲತಃ ಇದೇ ತತ್ವ.

ಈ ಶಂಕುವಿಗೆ ಒಂದು ತೊಡಕಿದೆ. ಅದು ಮುಂದಕ್ಕೆ ಗಾಳಿಯನ್ನು ಒತ್ತಿದಾಗ ಹಿಂದುಗಡೆ ಗಾಳಿ ತೆಳುವಾಗುತ್ತದೆ. ಎರಡೂ ಕಡೆಯ ಅಲೆಗಳು ಬೆರೆತರೆ ಮೃದಂಗದ ಎಡಭಾಗದಿಂದ ಬರುವಂಥ ಮಂದ್ರ ನಾದವೇ ಅಳಿಸಿಹೋಗುತ್ತದೆ. ಅದಕ್ಕಾಗಿಯೇ ಶಂಕುವನ್ನು ಪೆಟ್ಟಿಗೆಯಲ್ಲಿ ಕೂರಿಸುವುದು. 1950ರ ಆರಂಭದಲ್ಲಿ ಒಳ್ಳೆಯ ಮಂದ್ರ ನಾದ ಬೇಕೆಂದರೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಬೇಕಾಗುತ್ತಿತ್ತು.

ಇದಕ್ಕೆ ಪರಿಹಾರ ಕಂಡವರು ಎಡ್ಗರ್ ವಿಲ್ಚರ್. ಸೈಕಲ್ ಪಂಪಿನ ಬಾಯಿಯನ್ನು ಬೆರಳಿನಿಂದ ಮುಚ್ಚಿ ಹಿಡಿ ಒತ್ತಿ ನೋಡಿ. ಒಳಗಿನ ಗಾಳಿ ಸ್ಪ್ರಿಂಗಿನಂತೆ ಹಿಂದಕ್ಕೆ ತಳ್ಳುತ್ತದೆ, ಅಲ್ಲವೇ? ಶಂಕುವನ್ನು ಹಿಡಿದಿಡಲು ಬಿಗಿಯಾದ ಅಂಚಿಗಿಂತ ಮುಚ್ಚಿದ ಪೆಟ್ಟಿಗೆಯ ಗಾಳಿಯೇ ಉತ್ತಮ ಸ್ಪ್ರಿಂಗ್ ಎಂದು ವಿಲ್ಚರ್ ಕಂಡುಕೊಂಡರು. 1954ರಲ್ಲಿ ಅವರು ಹೆನ್ರಿ ಕ್ಲಾಸ್ ಅವರೊಡನೆ ಅಕೌಸ್ಟಿಕ್ ರಿಸರ್ಚ್ ಎಂಬ ಸಂಸ್ಥೆಯನ್ನು ಕಟ್ಟಿದರು. ಪುಸ್ತಕದ ಕಪಾಟಿನಲ್ಲಿ ಕೂರುವಷ್ಟು ಚಿಕ್ಕ ಪೆಟ್ಟಿಗೆಯಿಂದ ಆಳವಾದ ನಾದ ಹೊರಟಿತು. ಮುಂದೆ ಈ ಸಂಸ್ಥೆ ಒಂದು ವಿಶೇಷ ಪ್ರದರ್ಶನ ನಡೆಸಿತು. ವೇದಿಕೆಯ ಮೇಲೆ ಫೈನ್ ಆರ್ಟ್ಸ್ ಕ್ವಾರ್ಟೆಟ್ ಎಂಬ ವಾದ್ಯಗಾರರ ತಂಡ ನುಡಿಸುತ್ತಿರುವಾಗ ಮಧ್ಯದಲ್ಲಿ ವಾದ್ಯಗಳು ಮೌನವಾಗಿ ಸ್ಪೀಕರುಗಳು ಮುಂದುವರಿಸುತ್ತಿದ್ದವು. ಎಲ್ಲಿ ಬದಲಾಯಿತೆಂದು ಹೇಳುವುದು ಕೇಳುಗರಿಗೆ ಕಷ್ಟವಾಗುತ್ತಿತ್ತು. ಹೈ-ಫೈ ಎಂದರೆ ಮೂಲಕ್ಕೆ ನಿಷ್ಠೆ. ಆ ನಿಷ್ಠೆಯನ್ನು ಎಲ್ಲರೆದುರು ಪರೀಕ್ಷೆಗೆ ಒಡ್ಡಿದ ಬಗೆ ಇದು.

ಇಂಗ್ಲೆಂಡಿನಲ್ಲಿ ಪೀಟರ್ ವಾಕರ್ ಬೇರೆ ಹಾದಿ ಹಿಡಿದರು. 1957ರಲ್ಲಿ ಬಂದ ಅವರ ಕ್ವಾಡ್ ಸ್ಪೀಕರಿನಲ್ಲಿ ಶಂಕುವೂ ಇಲ್ಲ, ಸುರುಳಿಯೂ ಇಲ್ಲ. ರಂಧ್ರಗಳಿರುವ ಫಲಕಗಳ ನಡುವೆ ಬಿಗಿದ ತೆಳುವಾದ ಪ್ಲಾಸ್ಟಿಕ್ ಹಾಳೆಯೊಂದು ಹೆಚ್ಚಿನ ವೋಲ್ಟೇಜಿನ ಸೆಳೆತದಿಂದ ಕಂಪಿಸುತ್ತದೆ. ತೀರ ಜೋರಾಗಿ ನುಡಿಸಲು ಅದಕ್ಕೆ ಆಗದು, ಆದರೆ ಕಂಠಸಂಗೀತದಲ್ಲಿ ಅದರ ಸ್ಪಷ್ಟತೆ ಬೆರಗು ಹುಟ್ಟಿಸುವಂಥದ್ದು. ಈ ಮಾದರಿ 1985ರವರೆಗೂ ತಯಾರಾಯಿತು.

ಬಾಳಿಕೆಯ ಬಗ್ಗೆ ಹೆಚ್ಚು ಕಲಿಸುವುದು ಬ್ರಿಟಿಷ್ ಬಾನುಲಿ ಸಂಸ್ಥೆಯಾದ ಬಿ.ಬಿ.ಸಿ.ಯ ಕಥೆ. ಹೊರಾಂಗಣ ಪ್ರಸಾರದ ವ್ಯಾನುಗಳಲ್ಲಿ ಕುಳಿತು ಕೆಲಸ ಮಾಡುವ ತಂತ್ರಜ್ಞರಿಗೆ ನಂಬಲರ್ಹವಾದ ಪುಟ್ಟ ಸ್ಪೀಕರ್ ಬೇಕಾಗಿತ್ತು. ಅಲ್ಲಿನ ಸಂಶೋಧನಾ ವಿಭಾಗದಲ್ಲಿ ಡಡ್ಲಿ ಹಾರ್‌ವುಡ್ ಮತ್ತು ಸಹೋದ್ಯೋಗಿಗಳು 1970ರ ದಶಕದಲ್ಲಿ ಸುಮಾರು 30 ಸೆಂಟಿಮೀಟರ್ ಎತ್ತರದ ಒಂದು ಪೆಟ್ಟಿಗೆಯನ್ನು ರೂಪಿಸಿದರು. ಸ್ಪೀಕರ್ ಘಟಕಗಳನ್ನು ಒದಗಿಸುತ್ತಿದ್ದ ಕಾರ್ಖಾನೆ ಅವುಗಳಲ್ಲಿ ಬದಲಾವಣೆ ಮಾಡಿದಾಗ ವಿನ್ಯಾಸವನ್ನೇ ತಿದ್ದಬೇಕಾಯಿತು. ಹೀಗೆ ಹುಟ್ಟಿದ್ದು ಎಲ್.ಎಸ್. 3/5ಎ. ಅದರ ವಿನ್ಯಾಸದ ವರದಿ 1976ರಲ್ಲಿ ಪ್ರಕಟವಾಯಿತು. ಪರವಾನಗಿ ಪಡೆದ ಹಲವು ಕಂಪನಿಗಳು ಇದನ್ನು ತಯಾರಿಸಿದವು. ಯಾರು ತಯಾರಿಸಿದರೂ ಅದು ನಿಗದಿತ ಅಳತೆಗೆ ಹೊಂದಲೇಬೇಕು ಎಂಬುದು ನಿಯಮ. ಇಂದು ಒಂದು ಕೇಂದ್ರದಲ್ಲಿ ಕೇಳಿದ ಧ್ವನಿಯೂ ನಾಳೆ ಇನ್ನೊಂದು ಕೇಂದ್ರದಲ್ಲಿ ಕೇಳಿದ ಧ್ವನಿಯೂ ಒಂದೇ ಆಗಿರಬೇಕು, ಇಲ್ಲವಾದರೆ ಪ್ರಸಾರದ ಗುಣಮಟ್ಟ ತೀರ್ಮಾನಿಸುವುದು ಹೇಗೆ?

ಈ ಪುಟ್ಟ ಪೆಟ್ಟಿಗೆಗೆ ಮಿತಿಗಳಿದ್ದವು. ಅತಿ ಮಂದ್ರ ನಾದ ಅದರಿಂದ ಬಾರದು, ದೊಡ್ಡ ಸಭಾಂಗಣಕ್ಕೆ ಅದು ಸಾಲದು. ಆದರೆ ಮನುಷ್ಯರ ಮಾತನ್ನು ಮನುಷ್ಯರ ಮಾತಿನಂತೆಯೇ ಕೇಳಿಸುವ ತನ್ನ ಕೆಲಸವನ್ನು ಅದು ಚೆನ್ನಾಗಿ ಮಾಡುತ್ತಿತ್ತು. ಎಲ್ಲವನ್ನೂ ಮಾಡುತ್ತೇನೆಂದು ಹೊರಟ ಎಷ್ಟೋ ಸ್ಪೀಕರುಗಳು ಮರೆತುಹೋದರೂ ಇದು ಉಳಿಯಿತು.

ಒಳ್ಳೆಯ ವಿನ್ಯಾಸವಿದ್ದರೂ ಸ್ಪೀಕರ್ ಹಾಳಾಗುವುದುಂಟು. ಅಕೌಸ್ಟಿಕ್ ರಿಸರ್ಚ್ ಸಂಸ್ಥೆಯ ಎ.ಆರ್. 3ಎ ಎಂಬ ಮಾದರಿಯನ್ನೇ ನೋಡಿ. ಮೊದಮೊದಲು ಅದರ ಮಂದ್ರ ಶಂಕುವಿನ ಅಂಚು ಬಟ್ಟೆಯದಾಗಿತ್ತು. 1970ರ ಸುಮಾರಿಗೆ ಅದನ್ನು ಫೋಮಿಗೆ ಬದಲಾಯಿಸಿದರು. ಬಟ್ಟೆಯ ಅಂಚುಗಳು ದಶಕಗಳ ನಂತರವೂ ಗಟ್ಟಿಯಾಗಿವೆ. ಪಾಲಿಯುರಿಥೇನ್ ಫೋಮು ಮಾತ್ರ ತೇವಾಂಶ, ಗಾಳಿ ಮತ್ತು ಬೆಳಕಿಗೆ ಸಿಕ್ಕು ಸುಮಾರು ಹದಿನೈದು ಇಪ್ಪತ್ತು ವರ್ಷಗಳಲ್ಲಿ ಪುಡಿಯಾಗುತ್ತದೆ. ಹೆಸರು ಒಂದೇ, ಪೆಟ್ಟಿಗೆ ಒಂದೇ, ಆದರೆ ಆಯಸ್ಸು ಬೇರೆ. ಹಾಗೆಂದು ಫೋಮು ಸವೆದ ಸ್ಪೀಕರನ್ನು ಎಸೆಯಬೇಕಾಗಿಲ್ಲ. ಬಲ್ಲವರು ಹೊಸ ಅಂಚನ್ನು ಅಂಟಿಸಿ, ಒಣಗಿದ ಕೆಪಾಸಿಟರ್ ಬದಲಾಯಿಸಿ ಅದಕ್ಕೆ ಮತ್ತೆ ಜೀವ ಕೊಡುತ್ತಾರೆ. ಕ್ವಾಡ್ ಫಲಕಗಳನ್ನೂ ಹೀಗೆಯೇ ನವೀಕರಿಸುವವರಿದ್ದಾರೆ.

ಈ ಚರಿತ್ರೆಯಿಂದ ನೀವು ಪಡೆಯಬಹುದಾದ ತಿಳಿವಳಿಕೆ ಏನು? ನೀವು ಅಥವಾ ನಿಮ್ಮ ಮನೆಯವರು ದೀರ್ಘಕಾಲಕ್ಕೆಂದು ಸ್ಪೀಕರ್ ಕೊಳ್ಳುವಾಗ ನಾಲ್ಕು ಸಂಗತಿಗಳನ್ನು ಗಮನಿಸಿ. ಒಂದು, ನಿಮಗೆ ಚೆನ್ನಾಗಿ ಪರಿಚಯವಿರುವ ಧ್ವನಿಯನ್ನು ಅದರಲ್ಲಿ ಕೇಳಿ. ಮನೆಯವರೊಬ್ಬರ ಮಾತಿನ ಮುದ್ರಣವಾದರೂ ಸರಿ, ನೀವೇ ಎದುರು ಕುಳಿತು ಕೇಳಿದ ವೀಣೆಯಾದರೂ ಸರಿ. ಅಂಗಡಿಯಲ್ಲಿ ಅಬ್ಬರದಿಂದ ಸೆಳೆಯುವ ದನಿ ಮನೆಯಲ್ಲಿ ಬೇಗ ಬೇಸರ ತರಿಸುತ್ತದೆ. ಎರಡು, ಜೋಡಿಯ ಎರಡು ಪೆಟ್ಟಿಗೆಗಳೂ ಒಂದೇ ರೀತಿ ಕೇಳಿಸುತ್ತವೆಯೇ ನೋಡಿ. ಮೂರು, ಅಂಚು ರಬ್ಬರಿನದೋ ಬಟ್ಟೆಯದೋ ಫೋಮಿನದೋ ವಿಚಾರಿಸಿ. ನಾಲ್ಕು, ಸ್ಕ್ರೂ ಬಿಚ್ಚಿ ತೆರೆಯಲು ಬರುತ್ತದೆಯೇ, ಬಿಡಿಭಾಗ ಸಿಗುತ್ತದೆಯೇ ಎಂದು ಕೇಳಿ.

ಇನ್ನೊಂದು ಮಾತನ್ನೂ ನೆನಪಿಡಿ. ವಿಲ್ಚರ್ ಸಭಿಕರ ಕಿವಿಯನ್ನು ಒಪ್ಪಿಸಿ ತೋರಿಸಿದರು. ಬಿ.ಬಿ.ಸಿ.ಯ ಎಂಜಿನಿಯರುಗಳು ತಾವು ಏನು ಮಾಡಿದೆವು, ಏಕೆ ಮಾಡಿದೆವು ಎಂಬುದನ್ನು ಬರೆದಿಟ್ಟರು. ಮಾಡಿದವರು ಮರೆಯಾದ ಮೇಲೂ ಆ ಪೆಟ್ಟಿಗೆಯನ್ನು ಬಿಚ್ಚಿ ಸರಿಪಡಿಸಲು ಇನ್ನೊಬ್ಬರಿಗೆ ಸಾಧ್ಯವಾಗುವುದು ಇಂಥ ಬರಹದಿಂದಲೇ. ನಾಳೆ ನಿಮ್ಮಲ್ಲಿ ಯಾರಾದರೂ ಒಂದು ಉಪಕರಣ ರೂಪಿಸುವ ಸಂದರ್ಭ ಬಂದರೆ, ಐವತ್ತು ವರ್ಷಗಳ ನಂತರ ಅದನ್ನು ರಿಪೇರಿ ಮಾಡಲು ಕೂರುವ ಅಪರಿಚಿತನನ್ನೂ ಒಮ್ಮೆ ನೆನೆಯಿರಿ.