ಪ್ಯೂಬ್ಲೊ ಪ್ರಕರಣ

ಅಮೆರಿಕದ ನೌಕಾಪಡೆಯ ಗುಪ್ತಚರ ಹಡಗು 'ಯು.ಎಸ್.ಎಸ್. ಪ್ಯೂಬ್ಲೊ'ವನ್ನು ಉತ್ತರ ಕೊರಿಯಾದ ನೌಕೆಗಳು 1968ರ ಜನವರಿ 23ರಂದು ವೊನ್ಸಾನ್ ಬಂದರಿನಾಚೆಯ ಸಮುದ್ರದಲ್ಲಿ ಹಿಡಿದು, ಅದರಲ್ಲಿದ್ದವರನ್ನು ಹನ್ನೊಂದು ತಿಂಗಳು ಸೆರೆಯಲ್ಲಿಟ್ಟ ಪ್ರಕರಣ. ಹಡಗಿನಲ್ಲಿದ್ದ 83 ಮಂದಿಯಲ್ಲಿ ಒಬ್ಬ ನಾವಿಕ ದಾಳಿಯಲ್ಲೇ ಸತ್ತ. ಉಳಿದ 82 ಮಂದಿ ಅದೇ ವರ್ಷದ ಡಿಸೆಂಬರ್ 23ರಂದು ಬಿಡುಗಡೆಯಾದರು. ಹಡಗು ಈವರೆಗೂ ಮರಳಿಲ್ಲ.

ಹಡಗು ಮತ್ತು ಅದರ ಕೆಲಸ

ಪ್ಯೂಬ್ಲೊ ಯುದ್ಧಕ್ಕೆಂದು ಕಟ್ಟಿದ ಹಡಗಲ್ಲ. 1944ರಲ್ಲಿ ವಿಸ್ಕಾನ್ಸಿನ್‌ನ ಕಿವಾನಿಯಲ್ಲಿ ಸೈನ್ಯದ ಸರಕು ಸಾಗಣೆಗಾಗಿ ನೀರಿಗಿಳಿದ, ಸುಮಾರು 54 ಮೀಟರ್ ಉದ್ದದ ಪುಟ್ಟ ಹಡಗು. 1966ರಲ್ಲಿ ನೌಕಾಪಡೆ ಅದನ್ನು ಪಡೆದು, ರೇಡಿಯೊ ಮತ್ತು ರೇಡಾರ್ ಸಂಕೇತಗಳನ್ನು ಕದ್ದು ಕೇಳುವ ಉಪಕರಣಗಳನ್ನು ತುಂಬಿ, 1967ರ ಮೇ ತಿಂಗಳಲ್ಲಿ ಸೇವೆಗೆ ಸೇರಿಸಿತು. ಸಾಗರ ಸಂಶೋಧನೆಯ ಹಡಗು ಎಂಬುದು ಹೊರಗಿನ ಹೆಸರು. ಅದಕ್ಕಾಗಿಯೇ ಇಬ್ಬರು ನಾಗರಿಕ ಸಮುದ್ರವಿಜ್ಞಾನಿಗಳೂ ಹಡಗಿನಲ್ಲಿದ್ದರು. ನಾಯಕ ಕಮಾಂಡರ್ ಲಾಯ್ಡ್ ಬೂಕರ್ ಅದಕ್ಕೆ ಮೊದಲು ಜಲಾಂತರ್ಗಾಮಿಗಳಲ್ಲಿ ದುಡಿದವರು. ಗುಪ್ತಚರ ವಿಭಾಗದ ಹೊಣೆ ಲೆಫ್ಟಿನೆಂಟ್ ಸ್ಟೀಫನ್ ಹ್ಯಾರಿಸ್ ಅವರದು.

ಕಾರ್ಯಾಚರಣೆಯ ಯೋಜಕರು ಅಪಾಯವನ್ನು 'ಅತ್ಯಲ್ಪ' ಎಂದು ಅಂದಾಜಿಸಿದ್ದರು. ಇದೇ ಬಗೆಯ ಹಡಗು 'ಬ್ಯಾನರ್' ಸೋವಿಯತ್ ಮತ್ತು ಚೀನೀ ತೀರಗಳ ಬಳಿ ಸುಳಿದಾಡಿ ಕ್ಷೇಮವಾಗಿ ಮರಳಿತ್ತು. ಉತ್ತರ ಕೊರಿಯಾವೂ ಆ ದೇಶಗಳಂತೆಯೇ ಬೆದರಿಸಿ ಸುಮ್ಮನಾಗುತ್ತದೆ ಎಂಬ ಊಹೆ ಆ ಅಂದಾಜಿನ ಬುಡದಲ್ಲಿತ್ತು. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ 1967ರ ಡಿಸೆಂಬರ್ ಕೊನೆಯಲ್ಲಿ ಉತ್ತರ ಕೊರಿಯಾದ ಉಗ್ರ ವರ್ತನೆಯ ಕುರಿತು ಎಚ್ಚರಿಕೆಯ ಸಂದೇಶ ಕಳಿಸಿದ್ದರೂ ಅದರಿಂದ ನಿರ್ಧಾರ ಬದಲಾಗಲಿಲ್ಲ. ಮುಂದೆ ನಡೆದ ಎಲ್ಲದಕ್ಕೂ ಈ ಅಂದಾಜೇ ಮೂಲ ಎಂಬುದು ಈ ಲೇಖಕನ ಅಭಿಪ್ರಾಯ. ನಾಯಕನೊಬ್ಬನ ಧೈರ್ಯ ಅಥವಾ ಅಧೈರ್ಯದ ಪ್ರಶ್ನೆ ಆಮೇಲಿನದು.

ಸೆರೆ

ಜನವರಿ 11ರಂದು ಜಪಾನಿನ ಸಾಸೆಬೊದಿಂದ ಹೊರಟ ಹಡಗಿಗೆ ತೀರದಿಂದ 13 ನಾಟಿಕಲ್ ಮೈಲಿಗಿಂತ ಒಳಗೆ ಹೋಗಬಾರದೆಂಬ ಆದೇಶವಿತ್ತು. ಉತ್ತರ ಕೊರಿಯಾ ತನ್ನದೆಂದು ಹೇಳುತ್ತಿದ್ದ ಗಡಿ 12 ಮೈಲಿ. ಜನವರಿ 21ರ ರಾತ್ರಿ ಉತ್ತರ ಕೊರಿಯಾದ 31 ಕಮಾಂಡೊಗಳು ದಕ್ಷಿಣದ ಅಧ್ಯಕ್ಷ ಪಾರ್ಕ್ ಚುಂಗ್-ಹೀ ಅವರ ಹತ್ಯೆಗೆಂದು ಸೋಲ್‌ನ ನೀಲಿ ಭವನದ ಹತ್ತಿರದವರೆಗೂ ನುಗ್ಗಿದ್ದರು. ಇಡೀ ಪರ್ಯಾಯದ್ವೀಪ ಕೆಂಡವಾಗಿದ್ದ ಆ ಹೊತ್ತಿನಲ್ಲಿ ಈ ದಾಳಿಯ ಸುದ್ದಿಯನ್ನು ಪ್ಯೂಬ್ಲೊಗೆ ಯಾರೂ ತಿಳಿಸಲಿಲ್ಲ. 22ರಂದು ಎರಡು ಮೀನುಗಾರಿಕಾ ಹಡಗುಗಳು ತೀರ ಹತ್ತಿರ ಬಂದು ನೋಡಿಕೊಂಡು ಹೋದವು.

ಮರುದಿನ ಮಧ್ಯಾಹ್ನ ಜಲಾಂತರ್ಗಾಮಿ ಬೇಟೆ ನೌಕೆಯೊಂದು ಬಂದು, ನಿಲ್ಲದಿದ್ದರೆ ಗುಂಡು ಹಾರಿಸುವುದಾಗಿ ಬಾವುಟದ ಸಂಕೇತ ತೋರಿಸಿತು. ಹಿಂದೆಯೇ ಮೂರು ಟಾರ್ಪೆಡೊ ದೋಣಿಗಳು ಬಂದವು, ಮೇಲೆ ಎರಡು ಮಿಗ್ ವಿಮಾನಗಳು ಹಾರಿದವು. ಹಡಗಿನ ಆಯುಧವೆಂದರೆ ಎರಡು ಮಷೀನ್‌ಗನ್. ಅವುಗಳಿಗೆ ಹೊದಿಸಿದ್ದ ಟಾರ್ಪಾಲು ಹೆಪ್ಪುಗಟ್ಟಿ ಬಿಗಿದುಹೋಗಿತ್ತು, ಗುಂಡುಗಳು ಕೆಳಗಿನ ಅಂತಸ್ತಿನಲ್ಲಿದ್ದವು, ಗನ್ನಿನ ಬಳಿ ನಿಲ್ಲುವವನಿಗೆ ಯಾವ ಮರೆಯೂ ಇರಲಿಲ್ಲ. ಬೂಕರ್ ಹಡಗನ್ನು ಸಮುದ್ರದ ಕಡೆ ತಿರುಗಿಸಿದರು. 57 ಮಿಲಿಮೀಟರ್ ಫಿರಂಗಿಯ ಗುಂಡುಗಳು ಬಿದ್ದಾಗ ನಿಲ್ಲಿಸಿದರು, ಉತ್ತರ ಕೊರಿಯಾದ ನೌಕೆಯನ್ನು ನಿಧಾನವಾಗಿ ಹಿಂಬಾಲಿಸಿದರು, ಹೊತ್ತು ಕಳೆಯಲೆಂದು ಮತ್ತೆ ನಿಲ್ಲಿಸಿದರು. ಆಗ ಮತ್ತೆ ಗುಂಡು ಹಾರಿತು. ನಾವಿಕ ಡ್ವೇನ್ ಹಾಜಸ್ ಮಾರಣಾಂತಿಕವಾಗಿ ಗಾಯಗೊಂಡದ್ದು ಆಗಲೇ.

ನೆರವಿಗೆ ಯಾರೂ ಬರಲಿಲ್ಲ. ವಿಮಾನವಾಹಕ ನೌಕೆ ಎಂಟರ್‌ಪ್ರೈಸ್ ನೂರಾರು ಮೈಲಿ ದೂರವಿತ್ತು. ದಕ್ಷಿಣ ಕೊರಿಯಾದಲ್ಲಿ ಸಜ್ಜಾಗಿದ್ದ ಅಮೆರಿಕದ ಕೆಲವೇ ವಿಮಾನಗಳು ಅಣ್ವಸ್ತ್ರ ಕಾರ್ಯಕ್ಕೆ ಅಣಿಯಾಗಿದ್ದಂಥವು. ಓಕಿನಾವಾದಿಂದ ಹೊರಟ ವಿಮಾನಗಳು ದಕ್ಷಿಣ ಕೊರಿಯಾ ತಲುಪುವಷ್ಟರಲ್ಲಿ ಕತ್ತಲಾಯಿತು.

ಗೂಢಲಿಪಿ ಯಂತ್ರಗಳ ನಷ್ಟ

ಹಡಗು ಹತ್ತಿದ ಉತ್ತರ ಕೊರಿಯಾದವರ ಕೈಗೆ ಸಿಕ್ಕಿದ್ದೇನು ಎಂಬುದು ಈ ಪ್ರಕರಣದ ಅತ್ಯಂತ ಗಂಭೀರವಾದ, ಬಹುಕಾಲ ಮುಚ್ಚಿಟ್ಟಿದ್ದ ಭಾಗ. ಹಡಗಿನ ಗುಪ್ತಕೋಣೆಯಲ್ಲಿ ರಾಶಿ ರಾಶಿ ರಹಸ್ಯ ಕಾಗದಗಳ ಜೊತೆಗೆ ಕೆ.ಡಬ್ಲ್ಯು.-7, ಕೆ.ಡಬ್ಲ್ಯು.ಆರ್.-37, ಕೆ.ಎಲ್.-47 ಮೊದಲಾದ ಗೂಢಲಿಪಿ ಯಂತ್ರಗಳಿದ್ದವು. ಹಡಗನ್ನೇ ಮುಳುಗಿಸಬಲ್ಲ ಸ್ಫೋಟಕ ವ್ಯವಸ್ಥೆ ಬೇಕೆಂದು ಬೂಕರ್ ಮೊದಲೇ ಕೇಳಿದ್ದರು, ಸಿಗಲಿಲ್ಲ. ಕಾಗದ ಸುಡುವ ಸಣ್ಣ ಒಲೆಯೊಂದನ್ನು ಸಿಬ್ಬಂದಿಯ ಕ್ಷೇಮನಿಧಿಯ ಹಣದಿಂದ ಕೊಂಡಿದ್ದರು. ಅದು ಇದ್ದದ್ದು ತೆರೆದ ಮೇಲ್ಭಾಗದಲ್ಲಿ. ಗುಂಡು ಹಾರುತ್ತಿರುವಾಗ ಅಲ್ಲಿಗೆ ಹೋಗುವುದೇ ದುಸ್ತರ. ಹೀಗಾಗಿ ನಾವಿಕರು ಒಳಗಿನ ಓಣಿಗಳಲ್ಲೇ ಕಸದ ಡಬ್ಬಿಗಳಲ್ಲಿ ಕಾಗದ ಸುಟ್ಟರು. ಹೊಗೆ ತುಂಬಿ ಉಸಿರಾಡುವುದೇ ಕಷ್ಟವಾಯಿತು. ಯಂತ್ರಗಳನ್ನು ಸುತ್ತಿಗೆ, ಕೊಡಲಿಗಳಿಂದ ಬಡಿದರು. ಗಟ್ಟಿ ಉಕ್ಕಿನ ಪೆಟ್ಟಿಗೆಗಳು ಅಷ್ಟಕ್ಕೆಲ್ಲ ಪುಡಿಯಾಗುವಂಥವಲ್ಲ. ಭಾರ ಕಟ್ಟಿದ ಚೀಲಗಳಲ್ಲಿ ಸಮುದ್ರಕ್ಕೆ ಎಸೆಯೋಣವೆಂದರೆ ಅಲ್ಲಿ ಆಳ ಕಡಿಮೆ, ಮುಳುಗುಗಾರರು ಮೇಲೆತ್ತಬಹುದಿತ್ತು.

ಆದರೂ ಅಮೆರಿಕದ ಅಧಿಕಾರಿಗಳು ಆಗ ಒಂದು ನಂಬಿಕೆ ಇಟ್ಟುಕೊಂಡಿದ್ದರು. ಇಂಥ ಯಂತ್ರವನ್ನು ರೂಪಿಸುವಾಗಲೇ ಅದು ಒಂದು ದಿನ ಶತ್ರುವಿನ ಕೈ ಸೇರುತ್ತದೆಂದು ಎಣಿಸಿರುತ್ತಾರೆ. ಸಂದೇಶದ ಗುಟ್ಟು ಯಂತ್ರದಲ್ಲಿಲ್ಲ, ದಿನದಿನಕ್ಕೆ ಬದಲಾಗುವ ಕೀಲಿಯಲ್ಲಿದೆ. ಉದಾಹರಣೆಗೆ ಕೆ.ಡಬ್ಲ್ಯು.ಆರ್.-37ರಲ್ಲಿ ಪ್ರತಿದಿನ ಹೊಸ ರಂಧ್ರಪಟ್ಟಿ ತೂರಿಸಿದರೆ ಮಾತ್ರ ನೌಕಾಪಡೆಯ ಪ್ರಸಾರವನ್ನು ಬಿಡಿಸಿ ಓದಬಹುದಿತ್ತು. ಬೀಗದ ಒಳರಚನೆ ತಿಳಿದ ಮಾತ್ರಕ್ಕೆ ಕಳ್ಳನಿಗೆ ಬಾಗಿಲು ತೆರೆಯುವುದಿಲ್ಲ. ಆದ್ದರಿಂದ ಕೀಲಿಗಳನ್ನು ಬದಲಿಸಿ, ಅದೇ ಮಾದರಿಯ ಯಂತ್ರಗಳನ್ನು ಬಳಸುವುದನ್ನು ಮುಂದುವರಿಸಿದರು.

ಈ ಲೆಕ್ಕ ತಲೆಕೆಳಗಾಗಿತ್ತೆಂದು ಗೊತ್ತಾದದ್ದು 1985ರಲ್ಲಿ, ಅಮೆರಿಕದ ನೌಕಾಪಡೆಯ ಸಂಪರ್ಕ ವಿಭಾಗದಲ್ಲಿದ್ದ ಜಾನ್ ವಾಕರ್ ಸಿಕ್ಕಿಬಿದ್ದಾಗ. ಆತ ಪ್ಯೂಬ್ಲೊ ಸೆರೆಯಾಗುವ ಆಸುಪಾಸಿನಲ್ಲೇ ವಾಷಿಂಗ್ಟನ್ನಿನ ಸೋವಿಯತ್ ರಾಯಭಾರ ಕಚೇರಿಗೆ ತಾನಾಗಿ ಹೋಗಿ ಕೀಲಿಪಟ್ಟಿಗಳನ್ನು ಮಾರತೊಡಗಿದ್ದ. ಪ್ಯೂಬ್ಲೊದ ಉಪಕರಣಗಳು ಮಾಸ್ಕೊ ಸೇರಿದವೆಂದು ಬಹುತೇಕ ಬಲ್ಲವರು ಒಪ್ಪುತ್ತಾರೆ. ಯಂತ್ರ ಮತ್ತು ಕೀಲಿ ಎರಡೂ ಕೂಡಿದ ಮೇಲೆ ಅಮೆರಿಕದ ನೌಕಾ ಸಂದೇಶಗಳನ್ನು ಓದುವುದು ಸೋವಿಯತ್ತರಿಗೆ ಸಾಧ್ಯವಾಯಿತು. ಇದರಿಂದ ಹಡಗನ್ನು ಸೋವಿಯತ್ ಒಕ್ಕೂಟವೇ ಹಿಡಿಸಿತೆಂಬ ವಾದ ಹುಟ್ಟಿತು. ಆದರೆ ಶೀತಲ ಸಮರದ ನಂತರ ತೆರೆದ ಪೂರ್ವ ಯುರೋಪಿನ ಕಡತಗಳನ್ನು ನೋಡಿದರೆ, ದಾಳಿಯ ವಿಷಯ ಮಾಸ್ಕೊಗೆ ಮುಂಚಿತವಾಗಿ ಗೊತ್ತಿರಲಿಲ್ಲವೆಂದೇ ತೋರುತ್ತದೆ.

ಸೆರೆವಾಸ

ಕಣ್ಣು ಕಟ್ಟಿದ ಸಿಬ್ಬಂದಿಯನ್ನು ವೊನ್ಸಾನ್‌ನಿಂದ ರೈಲಿನಲ್ಲಿ ಪ್ಯಾಂಗ್ಯಾಂಗ್‌ಗೆ ಒಯ್ದರು. ಮೊದಲು ಇಟ್ಟ ಕಟ್ಟಡಕ್ಕೆ ಕೈದಿಗಳೇ 'ಕೊಟ್ಟಿಗೆ' ಎಂದು ಹೆಸರಿಟ್ಟರು. ಮಾರ್ಚ್‌ನಲ್ಲಿ ನಗರದ ಹೊರಗಿನ ಇನ್ನೊಂದು ಶಿಬಿರಕ್ಕೆ ಸಾಗಿಸಿದರು. ಹೊಡೆತ ನಿತ್ಯದ ಸಂಗತಿ. ಕೊರಿಯನ್ ಭಾಷೆ ಕಲಿತಿದ್ದ ಇಬ್ಬರು ಮರೀನ್ ಯೋಧರಿಗೆ ಅದು ಇನ್ನೂ ಹೆಚ್ಚು. ಟರ್ನಿಪ್ ಗಡ್ಡೆಯ ತೆಳುಸಾರಿನ ಊಟದಲ್ಲಿ ಎಲ್ಲರೂ ಸೊರಗಿದರು.

ಬೂಕರ್ ಅವರನ್ನು ಗೋಡೆಗೆ ನಿಲ್ಲಿಸಿ ಕೊಲ್ಲುವ ನಾಟಕವಾಡಿದರು. ಚಿತ್ರಹಿಂಸೆಗೊಳಗಾದ ದಕ್ಷಿಣ ಕೊರಿಯಾದವನೊಬ್ಬನನ್ನು ತೋರಿಸಿದರು. ಕೊನೆಗೆ, ಅತ್ಯಂತ ಕಿರಿಯನಿಂದ ಆರಂಭಿಸಿ ಎಲ್ಲ ನಾವಿಕರನ್ನೂ ಅವರ ಕಣ್ಣೆದುರೇ ಕೊಲ್ಲುವುದಾಗಿ ಹೇಳಿದಾಗ ಅವರು ತಪ್ಪೊಪ್ಪಿಗೆಗೆ ಸಹಿ ಹಾಕಿದರು. ತಮ್ಮ ಜೀವಕ್ಕೆ ಹೆದರದವರು ಹುಡುಗರ ಜೀವಕ್ಕಾಗಿ ಮಣಿದರು ಎಂಬುದನ್ನು ಈ ಪ್ರಕರಣ ಓದುವ ಯಾರೂ ಮರೆಯುವಂತಿಲ್ಲ.

ಮಣಿದ ಮೇಲೂ ಪ್ರತಿರೋಧ ನಿಲ್ಲಲಿಲ್ಲ. ಹೇಳಿಕೆಗಳಲ್ಲಿ ತಮಗೆ ತರಬೇತಿ ಕೊಟ್ಟವರೆಂದು ಬಾರ್ನಿ ಗೂಗಲ್‌ನಂಥ ಕಾಮಿಕ್ ಪಾತ್ರಗಳ ಹೆಸರು ಸೇರಿಸಿದರು. ಒಪ್ಪಿಕೊಂಡ 'ಗಡಿ ಉಲ್ಲಂಘನೆ'ಯ ಸ್ಥಾನಗಳನ್ನು ನಕ್ಷೆಯಲ್ಲಿ ಗುರುತಿಸಿದರೆ ಕೆಲವು ಒಣನೆಲದ ಮೇಲೆ ಬೀಳುತ್ತಿದ್ದವು. ಪ್ರಚಾರದ ಫೋಟೊಗಳಲ್ಲಿ ನಡುಬೆರಳು ಚಾಚಿ, ಅದು ಹವಾಯಿಯ ಶುಭಸೂಚಕ ಮುದ್ರೆಯೆಂದು ಕಾವಲಿನವರಿಗೆ ಹೇಳಿದರು. ಅಕ್ಟೋಬರ್‌ನಲ್ಲಿ 'ಟೈಮ್' ಪತ್ರಿಕೆ ಅದರ ನಿಜವಾದ ಅರ್ಥವನ್ನು ಅಚ್ಚು ಹಾಕಿತು. ಗುಟ್ಟು ಬಯಲಾದ ಮೇಲೆ ಡಿಸೆಂಬರ್‌ನಲ್ಲಿ ಬಿದ್ದ ಪೆಟ್ಟುಗಳು ಇಡೀ ಸೆರೆವಾಸದಲ್ಲೇ ಅತಿ ಕ್ರೂರವಾದವು. ಕೈದಿಗಳು ಆ ದಿನಗಳನ್ನು 'ನರಕದ ವಾರ' ಎಂದೇ ನೆನೆಯುತ್ತಾರೆ.

ಮಾತುಕತೆ ಮತ್ತು ಬಿಡುಗಡೆ

ಎರಡು ಕೊರಿಯಾಗಳ ಗಡಿಯಲ್ಲಿರುವ ಪನ್ಮುಂಜೊಮ್‌ನಲ್ಲಿ 29 ಸುತ್ತು ಮಾತುಕತೆ ನಡೆಯಿತು. ತಪ್ಪೊಪ್ಪಿಗೆ, ಕ್ಷಮಾಪಣೆ, ಮುಂದೆ ಹೀಗಾಗದೆಂಬ ಭರವಸೆ ಎಂಬ ಮೂರು ಬೇಡಿಕೆಗಳಿಂದ ಉತ್ತರ ಕೊರಿಯಾ ಕದಲಲಿಲ್ಲ. ವಿಯೆಟ್ನಾಂ ಯುದ್ಧದಲ್ಲಿ ಸಿಲುಕಿದ್ದ ಅಮೆರಿಕದ ಅಧ್ಯಕ್ಷ ಜಾನ್ಸನ್ ಇನ್ನೊಂದು ಯುದ್ಧಕ್ಕೆ ತಯಾರಿರಲಿಲ್ಲ. ಕೊನೆಗೆ ಸಿಕ್ಕ ದಾರಿ ರಾಜತಾಂತ್ರಿಕ ಇತಿಹಾಸದಲ್ಲೇ ವಿರಳ. ಅಮೆರಿಕದ ಪರ ಮಾತುಕತೆ ನಡೆಸುತ್ತಿದ್ದ ಮೇಜರ್ ಜನರಲ್ ಗಿಲ್ಬರ್ಟ್ ವುಡ್‌ವರ್ಡ್ ಮೊದಲು ಉತ್ತರ ಕೊರಿಯಾ ಬರೆದುಕೊಟ್ಟ ತಪ್ಪೊಪ್ಪಿಗೆ ಪತ್ರದಲ್ಲಿರುವುದು ಸುಳ್ಳೆಂದೂ ಜನರ ಬಿಡುಗಡೆಗಾಗಿ ಮಾತ್ರ ಸಹಿ ಮಾಡುವುದಾಗಿಯೂ ಗಟ್ಟಿಯಾಗಿ ಓದಿದರು, ಆಮೇಲೆ ಸಹಿ ಹಾಕಿದರು. ಎದುರಿನವರಿಗೆ ಬೇಕಿದ್ದದ್ದು ಸಹಿ ಮಾತ್ರ.

ಅಂದೇ ಬೂಕರ್ ಮತ್ತು ಸಿಬ್ಬಂದಿ ಗಡಿಯ 'ಮರಳಿ ಬಾರದ ಸೇತುವೆ'ಯನ್ನು ಒಬ್ಬೊಬ್ಬರಾಗಿ ದಾಟಿದರು. ಹಾಜಸ್ ಅವರ ದೇಹವನ್ನೂ ಹಸ್ತಾಂತರಿಸಲಾಯಿತು.

ವಿಚಾರಣೆ ಮತ್ತು ನಂತರ

1969ರ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಕೊರೊನಾಡೊದಲ್ಲಿ ಐವರು ಅಡ್ಮಿರಲ್‌ಗಳ ಮಂಡಳಿ ವಿಚಾರಣೆ ನಡೆಸಿ, ಹಡಗನ್ನು ಕಾದಾಡದೆ ಒಪ್ಪಿಸಿದ್ದಕ್ಕಾಗಿ ಬೂಕರ್ ಅವರನ್ನೂ, ಜೊತೆಗೆ ಹ್ಯಾರಿಸ್ ಅವರನ್ನೂ ಕೋರ್ಟ್ ಮಾರ್ಷಲ್‌ಗೆ ಒಳಪಡಿಸಬೇಕೆಂದು ಶಿಫಾರಸು ಮಾಡಿತು. ನೌಕಾ ಕಾರ್ಯದರ್ಶಿ ಜಾನ್ ಚೇಫಿ, ಅವರು ಈಗಾಗಲೇ ಸಾಕಷ್ಟು ಅನುಭವಿಸಿದ್ದಾರೆಂದು ಅದನ್ನು ಕೈಬಿಟ್ಟರು. ಘೋಷಿತ ಯುದ್ಧವಿಲ್ಲದ್ದರಿಂದ ಇವರು ಯುದ್ಧಕೈದಿಗಳಲ್ಲವೆಂಬ ನಿಲುವು ಎರಡು ದಶಕ ಹಾಗೆಯೇ ಉಳಿಯಿತು. ಯುದ್ಧಕೈದಿ ಪದಕ ಅವರ ಕೈಸೇರಿದ್ದು 1990ರಲ್ಲಿ. ಬೂಕರ್ 2004ರಲ್ಲಿ ತೀರಿಕೊಂಡರು.

ಹಡಗು ದೀರ್ಘಕಾಲ ವೊನ್ಸಾನ್‌ನಲ್ಲಿದ್ದು, 1990ರ ದಶಕದ ಕೊನೆಯಲ್ಲಿ ಪ್ಯಾಂಗ್ಯಾಂಗ್‌ನ ತೇಡಾಂಗ್ ನದಿಗೆ ಬಂತು. ಈಗ ಪೊಟಾಂಗ್ ನದಿಯ ದಡದ ಯುದ್ಧ ವಸ್ತುಸಂಗ್ರಹಾಲಯದ ಭಾಗವಾಗಿದೆ. ಅಮೆರಿಕದ ನೌಕಾಪಡೆಯ ಪಟ್ಟಿಯಲ್ಲಿ ಅದು ಇನ್ನೂ ಸೇವೆಯಲ್ಲಿರುವ ಹಡಗು. 2021ರ ಫೆಬ್ರವರಿಯಲ್ಲಿ ಅಮೆರಿಕದ ಫೆಡರಲ್ ನ್ಯಾಯಾಲಯವೊಂದು ಸಿಬ್ಬಂದಿಗೂ ಅವರ ಕುಟುಂಬಗಳಿಗೂ ಸುಮಾರು 230 ಕೋಟಿ ಡಾಲರ್ ಪರಿಹಾರ ಘೋಷಿಸಿತು. ಉತ್ತರ ಕೊರಿಯಾ ಆ ಮೊಕದ್ದಮೆಗೆ ಹಾಜರಾಗಲೇ ಇಲ್ಲ.