ದಂಡಿನ ದಾರಿಯ ನೋಟಗಳು

ಬೆಂಗಳೂರಿನಿಂದ ಮೈಸೂರಿನತ್ತ ಹೊರಟ ಪ್ರವಾಸಿಗೆ ರಾಮನಗರದ ಬಂಡೆಬೆಟ್ಟಗಳು ಕಂಡ ಕೂಡಲೇ ಕ್ಯಾಮೆರಾದ ನೆನಪಾಗುತ್ತದೆ. ಚನ್ನಪಟ್ಟಣ, ಮದ್ದೂರು, ಮಂಡ್ಯಗಳನ್ನು ದಾಟಿ ಕಾವೇರಿಯ ನಡುಗಡ್ಡೆಯಾದ ಶ್ರೀರಂಗಪಟ್ಟಣವನ್ನು ಸೇರಿದ ಮೇಲಂತೂ ಅದಕ್ಕೆ ಬಿಡುವೇ ಇಲ್ಲ. ಈ ದಾರಿಯಲ್ಲಿ ಹೀಗೆ ನೋಡುತ್ತ, ಚಿತ್ರ ಹಿಡಿಯುತ್ತ ಸಾಗುವ ರೂಢಿ ಕ್ಯಾಮೆರಾಕ್ಕಿಂತ ಹಳೆಯದು. ಅದು ಒಂದು ದಂಡಿನ ಜೊತೆಯಲ್ಲಿ ಬಂದದ್ದು.

1791ರ ಡಿಸೆಂಬರ್ 21ರಂದು ಕಾರ್ನ್‌ವಾಲಿಸನ ಸೇನೆ ಮಾಗಡಿಯ ಸಾವನದುರ್ಗವನ್ನು ಹಿಡಿಯಿತು. ಯಾರಿಗೂ ಹತ್ತಲಾಗದೆಂದು ಹೆಸರಾಗಿದ್ದ ಆ ದುರ್ಗ ಬಿದ್ದ ಮೇಲೆ ಕೆಲವೇ ದಿನಗಳಲ್ಲಿ ರಾಮಗಿರಿಯೂ ಶರಣಾಯಿತು. ದಂಡಿನೊಡನೆ ಇದ್ದ ರಾಬರ್ಟ್ ಹೋಮ್ ಎಂಬ ಚಿತ್ರಕಾರ ಸಾವನದುರ್ಗವನ್ನೂ ಬರೆದ, ಶ್ರೀರಂಗಪಟ್ಟಣವನ್ನೂ ಬರೆದ. ಆ ನೋಟಗಳು 1794ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾಗಿ ಹೊರಬಂದವು. ಲಾಲ್‌ಬಾಗಿನ ಹೈದರನ ಗೋರಿಯ ಚಿತ್ರವೂ ಅದರಲ್ಲಿದೆ. ಆದರೆ 1792ರ ಮುತ್ತಿಗೆಯ ಸಿದ್ಧತೆಗೆಂದು ಅದೇ ತೋಟದ ಸೈಪ್ರಸ್ ಮರಗಳನ್ನು ಕಡಿದುರುಳಿಸಿದವರು ಯಾರು? ಚಿತ್ರ ಬರೆದವನೂ ಕೊಡಲಿ ಬೀಸಿದವರೂ ಒಂದೇ ಪಾಳೆಯದವರು!

1799ರ ಮೇ 4ರ ತರುವಾಯ ನೋಡತಕ್ಕ ತಾಣಗಳ ಪಟ್ಟಿ ತಾನಾಗಿಯೇ ಸಿದ್ಧವಾಯಿತು: ಕೋಟೆ ಒಡೆದ ಜಾಗ, ಟಿಪ್ಪುವಿನ ದೇಹ ಸಿಕ್ಕ ಜಾಗ, ಆಂಗ್ಲ ಸೆರೆಯಾಳುಗಳಿದ್ದ ನೆಲಮಾಳಿಗೆ. ಗೆದ್ದವರಿಗೆ ಮುಖ್ಯವೆನಿಸಿದ್ದನ್ನೇ ನಾವು ಇಂದಿಗೂ ಮುಖ್ಯವೆಂದು ಸುತ್ತುತ್ತಿದ್ದೇವೆ. ಇದು ನನ್ನ ತಕರಾರು. ಅವರು ಕೆಡವಿದ ಲಾಲ್ ಮಹಲಿನ ಚಿತ್ರವನ್ನು ಯಾರು ತೆಗೆದಾರು? ಅದರ ತೊಲೆಗಳನ್ನು ನೋಡಬೇಕಾದರೆ ಊಟಿಯ ಸೇಂಟ್ ಸ್ಟೀಫನ್ ಚರ್ಚಿಗೆ ಹೋಗಬೇಕು. ಇನ್ನು ಟಿಪ್ಪುವಿನ ಮದ್ದಿನಮನೆಯೊಂದನ್ನು ರೈಲು ಜೋಡಿಮಾರ್ಗಕ್ಕಾಗಿ 2017ರಲ್ಲಿ ಬುಡಸಮೇತ ಎತ್ತಿ ನೂರು ಮೀಟರಿಗೂ ಆಚೆ ಇರಿಸಿದ್ದಾರೆ. ಮೆಚ್ಚತಕ್ಕ ಕೆಲಸವೇ, ಸಂದೇಹವಿಲ್ಲ. ಆದರೂ ಹಳಬರ ಕಣ್ಣು ಹಳೆಯ ಜಾಗವನ್ನೇ ಹುಡುಕುತ್ತದೆ.

ಹಳಬರಲ್ಲಿ ನಾನೂ ಒಬ್ಬ. ನನ್ನ ಬಾಲ್ಯ ಕಳೆದದ್ದು ದ್ವೀಪದ ಮೂಡಣ ಭಾಗದ ಗಂಜಾಂನಲ್ಲಿ. ಟಿಪ್ಪು ಶಿರಾದಿಂದ 12,000 ಕುಟುಂಬಗಳನ್ನು ಎಬ್ಬಿಸಿ ತಂದು ನೆಲೆಗೊಳಿಸಿದನೆಂದು ಗೆಜೆಟಿಯರು ಹೇಳುವ ಪೇಟೆ ಅದು. ಅಂಜೂರಕ್ಕೂ ಹೆಸರಾದದ್ದು. ಈಗ ಚನ್ನಪಟ್ಟಣದಲ್ಲಿ ನೆಲೆಸಿರುವ ನಾನು ಈಚೆಗೆ ಮೊಮ್ಮಗಳೊಡನೆ ಅಲ್ಲಿಗೆ ಹೋಗಿದ್ದೆ. ಅವಳು ಪಟ್ಟಿಯಲ್ಲಿದ್ದುದನ್ನೆಲ್ಲ ಚಿತ್ರಿಸಿಕೊಂಡಳು. ದರಿಯಾ ದೌಲತ್ತಿನ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕಾಳಗವಿದೆಯಷ್ಟೆ. ಅಲ್ಲಿ ಸೋತವರು ಆಂಗ್ಲರು. ಆ ಒಂದು ಗೋಡೆಯಲ್ಲಿ ಮಾತ್ರ ನೋಟ ದ್ವೀಪದ ಕಡೆಯಿಂದ ಇದೆ ಎಂದು ಹೇಳಿದಾಗ ಅವಳು ಬಹಳ ಹೊತ್ತು ನಿಂತು ನೋಡಿದಳು.

ಬಳಿಕ ಬಂಗಾರದೊಡ್ಡಿ ನಾಲೆಯನ್ನು ತೋರಿಸಿದೆ.

“ಇದರಲ್ಲೇನಿದೆ ತಾತ? ಕಾಲುವೆ ತಾನೆ?”

ಕಾಲುವೆಯೇ. 1638ರಿಂದ 1659ರವರೆಗೆ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರು ಹೊಳೆಯ ನೀರನ್ನು ಹೊಳೆಯ ಮೇಲೆಯೇ ದಾಟಿಸಿ ದ್ವೀಪಕ್ಕೆ ತಂದ ಕಾಲುವೆ. ಹೋಮನ ದಂಡು ಬರುವ ವೇಳೆಗಾಗಲೇ ಅದಕ್ಕೆ ನೂರಮೂವತ್ತು ವರ್ಷ ಮೀರಿತ್ತು. ಮುತ್ತಿಗೆಗಳು ಬಂದುಹೋದವು, ರಾಜಧಾನಿ ಮೈಸೂರಿಗೆ ತೆರಳಿತು. ಇಲ್ಲಿ ಉಳಿದ ಜನ ಗದ್ದೆ ತೋಟಗಳಿಗೆ ನೀರು ಹಾಯಿಸಿಕೊಂಡು ಬದುಕಿದರು.

ಮೊಮ್ಮಗಳು ಕ್ಯಾಮೆರಾ ಎತ್ತಿದಳು. ಅಷ್ಟರಲ್ಲಿ ನೀರಿಗಿಳಿದಿದ್ದ ಎಮ್ಮೆಯೊಂದು ತಲೆ ಎತ್ತಿ ನಡುವೆ ನಿಂತಿತು. ಅದೂ ಇರಲಿ ಎಂದೆ.